ಆರಂಭಕ್ಕೆ ಸುದಿನ ಯಾವುದು?

ಶ್ರೀಮಠದ ಈ ಮಹೋತ್ಸವದ ಶುಭಸಂದರ್ಭದಲ್ಲಿ ನಾಡಿನ ನಾನಾ ಕಡೆಗಳಿಂದ ನೆರೆದ ಸದ್ಭಕ್ತರು ಶ್ರೀಗುರುಸನ್ನಿಧಿಯಲ್ಲಿ ಒಂದಿಲ್ಲೊಂದು ಸಂಕಲ್ಪವನ್ನು ಮಾಡಿಕೊಳ್ಳುವುದು ಸಹಜವೇ ಆಗಿರುತ್ತದೆ. ತಪ್ಪಿಹೋದ ಲಿಂಗಪೂಜೆಯನ್ನು ಮತ್ತೆ ಹಿಡಿಯಬೇಕೆಂದು ಒಬ್ಬರು, ದುರ್ವ್ಯಸನವನ್ನು ಬಿಡಬೇಕೆಂದು ಇನ್ನೊಬ್ಬರು, ದಿನಕ್ಕೊಂದು ವಚನವನ್ನಾದರೂ ಮಕ್ಕಳಿಗೆ ಕಲಿಸಬೇಕೆಂದು ಮತ್ತೊಬ್ಬರು ಮನಸ್ಸು ಮಾಡುವರು. ಆದರೆ ಆ ಸಂಕಲ್ಪದ ಬೆನ್ನಿಗೇ ಇನ್ನೊಂದು ಮಾತು ಹುಟ್ಟಿಕೊಳ್ಳುವುದು: "ಬರುವ ಯುಗಾದಿಯಿಂದ ಹಿಡಿಯೋಣ." ಈಚೆಗೆ ಪಟ್ಟಣವಾಸಿಗಳಲ್ಲಿ ಯುಗಾದಿಯ ಸ್ಥಾನಕ್ಕೆ ಜನವರಿಯ ಮೊದಲನೆಯ ತಾರೀಖು ಬಂದಿದೆ, ಮಾತು ಮಾತ್ರ ಅದೇ. ಮಾರಿಯು ಮನೆಯನ್ನು ಹೊಗದಿರಲೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುವ ರೂಢಿಯನ್ನು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಮಾರಿಗೆ ಹೇಳತಕ್ಕ ಮಾತನ್ನು ನಾವು ಸದಾಚಾರಕ್ಕೆ ಹೇಳಿ ಕಳುಹಿಸುತ್ತಿದ್ದೇವೆಯೋ ಏನೋ ಎಂಬ ಶಂಕೆಯೇ ಈ ಲೇಖನಕ್ಕೆ ಕಾರಣವಾಗಿದೆ.

ಹೊಸ ವರ್ಷವೆಂಬುದು ಎಂಥ ದಿನ, ನಮ್ಮ ಹಿರಿಯರು ತಮ್ಮ ಮಹತ್ಕಾರ್ಯಗಳನ್ನು ಯಾವ ದಿನವನ್ನು ನೋಡಿ ಆರಂಭಿಸಿದರು ಎಂಬ ಎರಡು ವಿಷಯಗಳನ್ನು ಇತಿಹಾಸದ ಆಧಾರದಿಂದ ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ವರ್ಷಾರಂಭದ ಚರಿತ್ರೆ

ವರ್ಷವು ಸೂರ್ಯನ ಗತಿಯಿಂದ ಆಗುವುದು. ಆದರೆ ವರ್ಷದ ಮೊದಲನೆಯ ದಿನವು ಮನುಷ್ಯರ ಒಪ್ಪಂದದಿಂದ ಆಗುವುದು. ಈ ಮಾತಿಗೆ ಚರಿತ್ರೆಯೇ ಸಾಕ್ಷಿ. ಇಂದು ಜಗತ್ತೆಲ್ಲ ಆಚರಿಸುವ ಜನವರಿ ೧ನೆಯ ತಾರೀಖು ಮೊದಲು ರೋಮ್ ರಾಜ್ಯದ ಅಧಿಕಾರಿಗಳು ಅಧಿಕಾರವನ್ನು ವಹಿಸಿಕೊಳ್ಳುವ ದಿನವಾಗಿದ್ದಿತು. ಕ್ರಿ. ಪೂ. ೧೫೩ರಿಂದ ಈ ಪದ್ಧತಿ ನಡೆದು ಬಂದಿತು. ಜೂಲಿಯಸ್ ಸೀಜರನು ತಿದ್ದಿದ ಪಂಚಾಂಗವು ಕ್ರಿ. ಪೂ. ೪೫ರಲ್ಲಿ ಆ ದಿನದಿಂದಲೇ ಜಾರಿಗೆ ಬಂದಿತು. ಅಷ್ಟಾದರೂ ಇಂಗ್ಲೆಂಡಿನಲ್ಲಿ ಬಹುಕಾಲದವರೆಗೆ ಮಾರ್ಚ್ ೨೫ನೆಯ ತಾರೀಖೇ ಕಾಯಿದೆಯ ಪ್ರಕಾರ ವರ್ಷದ ಮೊದಲ ದಿನವಾಗಿದ್ದಿತು. ಕ್ರಿ. ಶ. ೧೭೫೨ರಿಂದ ಮಾತ್ರ ಜನವರಿ ಒಂದನ್ನು ಅಲ್ಲಿ ಒಪ್ಪಿಕೊಂಡರು. ಈ ಬದಲಾವಣೆಗಾಗಿ ೧೭೫೧ನೆಯ ವರ್ಷವು ಆ ದೇಶದಲ್ಲಿ ೨೮೨ ದಿನಗಳಿಗೇ ಮುಗಿದುಹೋಯಿತು. ವರ್ಷದ ಕೊನೆಯ ಮೂರು ತಿಂಗಳುಗಳಲ್ಲಿ ಏನನ್ನೋ ಮಾಡಿ ಮುಗಿಸುವೆನೆಂದು ನಂಬಿ ಕುಳಿತವನಿಗೆ ಆ ತಿಂಗಳುಗಳು ಆ ವರ್ಷದೊಳಗೆ ಬರಲೇ ಇಲ್ಲ!

ನಮ್ಮ ದೇಶದ ಸ್ಥಿತಿಯೂ ಇದಕ್ಕೆ ಬೇರೆಯಲ್ಲ. ಕನ್ನಡಿಗರಿಗೂ ಆಂಧ್ರರಿಗೂ ಮಹಾರಾಷ್ಟ್ರದವರಿಗೂ ಚೈತ್ರ ಶುದ್ಧ ಪಾಡ್ಯವು ವರ್ಷಾರಂಭ. ನಮ್ಮ ನಾಡಿನವರೇ ಆದ ತುಳುವರು ಸೌರಮಾನದಂತೆ ಬಿಸುವನ್ನು ಆಚರಿಸುವರು. ಗುಜರಾಥದ ವರ್ತಕರು ದೀಪಾವಳಿಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯದಂದು ಹೊಸ ವರ್ಷವನ್ನು ಎಣಿಸುವರು. ಸರಕಾರದ ಆಯವ್ಯಯದ ವರ್ಷವು ೧೮೬೭ರಿಂದ ಏಪ್ರಿಲ್ ಒಂದಕ್ಕೆ ಆರಂಭವಾಗುತ್ತ ಬಂದಿದೆ. ಭಾರತ ಸರಕಾರವು ೧೯೫೭ರಲ್ಲಿ ಸ್ವೀಕರಿಸಿದ ರಾಷ್ಟ್ರೀಯ ಪಂಚಾಂಗದ ಪ್ರಕಾರ ಸಾಮಾನ್ಯ ವರ್ಷಗಳಲ್ಲಿ ಮಾರ್ಚ್ ೨೨ನೆಯ ತಾರೀಖು ಚೈತ್ರದ ಮೊದಲನೆಯ ದಿನ. ಹೀಗೆ ಒಂದೇ ದೇಶದಲ್ಲಿ, ಒಂದೇ ಊರಿನಲ್ಲಿ, ಹಲವು ಹೊಸ ವರ್ಷಗಳು ಬಂದು ಹೋಗುವುವು. ಒಂದು ತಪ್ಪಿದರೆ ಇನ್ನೊಂದಿದೆಯೆಂದು ಮುಂದೂಡುವವನಿಗೆ ಇದೊಂದು ಅನುಕೂಲವಾಯಿತೇ ಹೊರತು, ಇವುಗಳಲ್ಲಿ ಯಾವುದೊಂದೂ ತಾನಾಗಿ ಮನುಷ್ಯನನ್ನು ತಿದ್ದಿದ ಉದಾಹರಣೆ ಕಂಡುಬರುವುದಿಲ್ಲ.

ಕಲ್ಯಾಣದ ಎರಡು ಎಣಿಕೆಗಳು

ಈ ವಿಷಯದಲ್ಲಿ ಕಲ್ಯಾಣಪಟ್ಟಣದ ಚರಿತ್ರೆಯು ವಿಶೇಷವಾಗಿ ಮನನೀಯವಾಗಿದೆ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಲ್ಲಿ ಪಟ್ಟಕ್ಕೆ ಬಂದಾಗ ರೂಢಿಯಲ್ಲಿದ್ದ ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನಿಂದಲೇ ಚಾಲುಕ್ಯ ವಿಕ್ರಮವರ್ಷವೆಂಬ ಹೊಸ ಎಣಿಕೆಯನ್ನು ನೆಲೆಗೊಳಿಸಿದನು. ಕನ್ನಡ ನಾಡಿನ ಅಸಂಖ್ಯ ಶಿಲಾಶಾಸನಗಳು ಈ ವರ್ಷವನ್ನು ಹೇಳುತ್ತವೆ. ಕಾಲವು ತನ್ನಿಂದ ಹೊಸತಾಗಿ ಆರಂಭವಾಯಿತೆಂದು ಸಾರಬಲ್ಲ ಪ್ರಭುತ್ವ ಆತನದಾಗಿದ್ದಿತು. ಆದರೆ ಆ ವಂಶದ ಅಧಿಕಾರವು ಕುಂದುತ್ತಲೇ ಆ ಎಣಿಕೆಯೂ ಕುಂದಿತು. ಶಕವರ್ಷವು ಮತ್ತೆ ತನ್ನ ಸ್ಥಾನವನ್ನು ಪಡೆಯಿತು. ವಿಕ್ರಮವರ್ಷವು ಇಂದು ಶಾಸನಗಳನ್ನು ಓದುವ ವಿದ್ವಾಂಸರಿಗೆ ಮಾತ್ರ ಬೇಕಾದ ಲೆಕ್ಕವಾಗಿ ಉಳಿದಿದೆ.

ಅದೇ ಕಲ್ಯಾಣದಲ್ಲಿ, ಮರುಶತಮಾನದಲ್ಲಿ, ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರೂ ಅವರೊಡನೆ ಕೂಡಿದ ಶರಣರೂ ಇನ್ನೊಂದು ಎಣಿಕೆಯನ್ನು ಹಿಡಿದರು. ಅದಕ್ಕೆ ರಾಜಮುದ್ರೆ ಇರಲಿಲ್ಲ, ಶಿಲಾಶಾಸನವಿರಲಿಲ್ಲ. ಶಿವನನ್ನು ನೆನೆದ ಹೊತ್ತೇ ಸುಮುಹೂರ್ತ, ಶಿವಭಕ್ತನು ನಿಂತ ದಿನವೇ ಪುಣ್ಯದಿನ ಎಂಬುದೇ ಆ ಎಣಿಕೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ನೋಡದೆ ಹೆಜ್ಜೆಯಿಡಲಾರದ ಕಾಲದಲ್ಲಿ ಅವರು ಹೀಗೆ ನುಡಿದರೆಂಬುದನ್ನು ನಾವು ಮರೆಯಬಾರದು. ನಮ್ಮವರು ಬಂದು ಲಗ್ನವನ್ನು ವಿಚಾರಿಸಿದರೆ ಜೋಯಿಸನು ಯಾವ ಉತ್ತರವನ್ನು ಕೊಡತಕ್ಕದ್ದು ಎಂಬುದನ್ನು ಬಸವಣ್ಣನವರು ಒಂದು ವಚನದಲ್ಲಿ ಸೊಗಸಾಗಿ ತಿಳಿಸಿದ್ದಾರೆ. ಗ್ರಹಬಲವೆಲ್ಲ ಕೂಡಿಬಂದಿದೆಯೆಂದೇ ಹೇಳಬೇಕು, ಮುಂದಿನ ದಿನಕ್ಕಿಂತ ಈಗಿನ ದಿನವೇ ಮೇಲೆಂದು ಹೇಳಬೇಕು ಎಂಬುದೇ ಅದರ ತಾತ್ಪರ್ಯ.

ನಿಷಿದ್ಧ ಕಾಲಗಳನ್ನು ಒಂದು ಸಲ ಎಣಿಸಿ ನೋಡಿದರೆ ಈ ಉಪದೇಶದ ಬೆಲೆ ತಿಳಿದೀತು. ಆಷಾಢವು ಶೂನ್ಯಮಾಸ, ಧನುರ್ಮಾಸವು ಮಂಗಲಕಾರ್ಯಕ್ಕೆ ಸಲ್ಲದು, ಅಧಿಕಮಾಸ ಬಂದರೆ ಅದೂ ವರ್ಜ್ಯ, ಭಾದ್ರಪದದ ಕೃಷ್ಣಪಕ್ಷವು ಪಿತೃಗಳದು, ಗುರು ಶುಕ್ರರು ಅಸ್ತರಾದರೆ ಮೌಢ್ಯ, ಅಮಾವಾಸ್ಯೆ ಬೇಡ, ಉಳಿದ ದಿನಗಳಲ್ಲಿಯೂ ಹಗಲಿನ ಎಂಟರಲ್ಲಿ ಒಂದು ಪಾಲು ರಾಹುಕಾಲಕ್ಕೆ ಹೋಗುವುದು. ಇಷ್ಟನ್ನೆಲ್ಲ ಕಳೆದು ಮಿಕ್ಕ ಕಾಲದಲ್ಲಿ ನಮಗೆ ನೆಗಡಿ ಬರಬಾರದು, ನೆಂಟರು ಬರಬಾರದು, ಮನಸ್ಸಿಗೆ ಬೇಸರ ಬರಬಾರದು! ಆಯುಷ್ಯವನ್ನೇ ಹೀಗೆ ಕಳೆಯುತ್ತ ಹೋದರೆ ಉಳಿಯುವುದೇನು? ಇಷ್ಟಾಗಿಯೂ ಸಭೆಯಲ್ಲಿ ಶರಣರ ಮಾತನ್ನು ಕೇಳಿ ತಲೆದೂಗುವ ನಾವು ಮನೆಗೆ ಹೋಗಿ ಪಂಚಾಂಗವನ್ನು ಬಿಚ್ಚುತ್ತೇವೆ. ಈ ದೋಷವನ್ನು ಅನ್ಯರ ಮೇಲೆ ಹೊರಿಸುವಂತಿಲ್ಲ; ಅದು ನಮ್ಮದೇ ಆಗಿರುತ್ತದೆ.

ದಿನವೇ ಶರಣರ ಅಳತೆಗೋಲು

ಶರಣಧರ್ಮದ ಅಳತೆಗೋಲು ವರ್ಷವಲ್ಲ, ದಿನ. ಇಷ್ಟಲಿಂಗಪೂಜೆಯು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲ. ಅದು ನಿತ್ಯದ ಕ್ರಿಯೆ. ಲಿಂಗಧಾರಣವೂ ಅಷ್ಟೇ. ಮಗುವು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಎಂಟನೆಯ ತಿಂಗಳಿನಲ್ಲಿ ಲಿಂಗಸಂಸ್ಕಾರವನ್ನು ಮಾಡುವ ಸಂಪ್ರದಾಯ ನಮ್ಮಲ್ಲಿದೆ. ಬುದ್ಧಿ ಬರಲಿ, ವಯಸ್ಸು ಬರಲಿ, ಆಮೇಲೆ ನೋಡೋಣವೆಂದು ನಮ್ಮ ಆಚಾರವು ಕಾಯಲಿಲ್ಲ. ಹುಟ್ಟಿಗಿಂತಲೂ ಮೊದಲೇ ಆರಂಭಿಸಿತು.

ಕಾಯಕತತ್ವವನ್ನು ನೋಡಿರಿ. ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವರ ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಶೆಗೆ, ಎಂದರೆ ಆಸೆಯಿಲ್ಲದಿರುವಿಕೆಗೆ, ನಿದರ್ಶನವಾಗಿ ಹೇಳುವುದುಂಟು. ಅದು ದಿಟವೇ. ಆದರೆ ಅದರಲ್ಲಿ ಕಾಲದ ವಿಚಾರವೂ ಅಡಗಿದೆ. ಇಂದಿನ ಅಕ್ಕಿ ಇಂದಿನ ದಾಸೋಹಕ್ಕೆ; ನಾಳೆಯ ದಾಸೋಹಕ್ಕೆ ನಾಳೆಯ ಕಾಯಕವಿದೆ. ನಾಳೆಗೆಂದು ಇಂದೇ ಕೂಡಿಡುವುದೂ, ಇಂದಿನದನ್ನು ನಾಳೆಗೆ ನೂಕುವುದೂ ಒಂದೇ ರೋಗದ ಎರಡು ಮುಖಗಳು. ಇಂದಿನ ದಿನದಲ್ಲಿ ನಂಬಿಕೆ ಇಲ್ಲದಿರುವುದೇ ಆ ರೋಗ. ಹೆಚ್ಚು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆ ತಾಯಿ ನಮ್ಮ "ಬರುವ ವರ್ಷದಿಂದ" ಎಂಬ ಮಾತನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಅರಿವಿಗೆ ಬಂದದ್ದು ಕೂಡಲೇ ಆಚಾರಕ್ಕೆ ಬರಬೇಕು. ನಡುವೆ ತೆರವು ಬಿಟ್ಟರೆ ಆ ತೆರವಿನಲ್ಲಿ ನೆಪವು ಬಂದು ಮನೆ ಮಾಡುವುದು. ವ್ರತವೆಂದರೆ ಮುಂದೊಂದು ದಿನ ಹಿಡಿಯುವೆನೆಂಬ ಹೇಳಿಕೆಯಲ್ಲ. ಹಿಡಿದುದನ್ನು ಬಿಡೆನೆಂಬ ನಡೆ.

ಬೆಳಗಾವಿಯ ಒಂದು ಶಾಲೆ

ಇನ್ನು ಈಚಿನ ಇತಿಹಾಸಕ್ಕೆ ಬರೋಣ. ಸಿರಸಂಗಿಯ ದೇಸಾಯರಾದ ಲಿಂಗರಾಜರು ಜನಿಸಿದ್ದು ಸನ್ ೧೮೬೧ರಲ್ಲಿ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಪ್ರೇರಣೆಯಿಂದ ಸನ್ ೧೯೦೪ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ತಮ್ಮ ಸಂಸ್ಥಾನದ ಆಸ್ತಿಯು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಅವರು ಮರಣಶಾಸನವನ್ನು ಬರೆದಿಟ್ಟರು. ಸನ್ ೧೯೦೬ರಲ್ಲಿ ಲಿಂಗೈಕ್ಯರಾದಾಗ ಅವರ ವಯಸ್ಸು ಕೇವಲ ೪೫. ನಲವತ್ತೈದು ವರ್ಷದ ಶ್ರೀಮಂತನು ದಾನದ ಮಾತನ್ನು ಮುಪ್ಪಿನ ಕಾಲಕ್ಕೆ ಮುಂದೂಡುವುದು ಲೋಕರೂಢಿ. ಅವರು ಹಾಗೆ ಮಾಡಿದ್ದರೆ ಎಷ್ಟು ಸಾವಿರ ಬಡ ವಿದ್ಯಾರ್ಥಿಗಳ ಪಾಲಿನ ಅನ್ನವೂ ಪುಸ್ತಕವೂ ಕೈತಪ್ಪಿ ಹೋಗುತ್ತಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು.

ಅವರು ಅಗಲಿದ ಹತ್ತು ವರ್ಷಗಳ ತರುವಾಯ ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ ಮೊದಲಾದ ಏಳು ಮಂದಿ ತರುಣ ಅಧ್ಯಾಪಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅಡಿಗಲ್ಲಾದರು. ಜನರು ಇವರನ್ನು ಸಪ್ತರ್ಷಿಗಳೆಂದು ಕರೆದರು. ಅರಟಾಳ ರುದ್ರಗೌಡರಂಥ ಹಿರಿಯರ ಬೆಂಬಲ ಈ ತರುಣರಿಗಿದ್ದಿತು. ಇವರ ಮೊದಲನೆಯ ಶಾಲೆ ತೆರೆದ ತಾರೀಖನ್ನು ವಾಚಕರು ಲಕ್ಷ್ಯಪೂರ್ವಕವಾಗಿ ಗಮನಿಸಬೇಕು: ಸನ್ ೧೯೧೬ನೆಯ ಇಸವಿ ನವೆಂಬರ ೧೩. ಅದು ಯುಗಾದಿಯಲ್ಲ, ಜನವರಿಯ ಒಂದಲ್ಲ. ಮಳೆಗಾಲದೊಡನೆ ಶಾಲೆಗಳು ತೆರೆಯುವ ಜೂನ್ ತಿಂಗಳೂ ಅಲ್ಲ. ಯುರೋಪಿನ ಮಹಾಯುದ್ಧವು ನಡೆಯುತ್ತಿದ್ದ ದಿನಗಳವು. ಇನ್ನಾರು ತಿಂಗಳು ತಾಳಿ ಹೊಸ ಶಾಲಾವರ್ಷಕ್ಕೆ ಆರಂಭಿಸೋಣವೆಂದು ಯಾರಾದರೂ ಹೇಳಿದ್ದರೆ ಅದು ಬುದ್ಧಿವಂತಿಕೆಯ ಮಾತೆಂದೇ ತೋರುತ್ತಿದ್ದಿತು. ಅವರು ನವೆಂಬರದಲ್ಲಿಯೇ ಬಾಗಿಲು ತೆರೆದರು. ಮುಂದೆ ಸನ್ ೧೯೩೩ರಲ್ಲಿ ಅದೇ ಸಂಸ್ಥೆಯಿಂದ ಲಿಂಗರಾಜ ಕಾಲೇಜು ಉದಯಿಸಿ, ಮುಪ್ಪನ್ನು ಕಾಯದ ದಾನಿಯ ಹೆಸರನ್ನೂ ಸುದಿನವನ್ನು ಕಾಯದ ಅಧ್ಯಾಪಕರ ದುಡಿಮೆಯನ್ನೂ ಒಂದುಗೂಡಿಸಿತು.

ಗೆದ್ದಲು ಯುಗಾದಿಯನ್ನು ಕಾಯದು

ಆರಂಭವನ್ನು ಮುಂದೂಡಿದ್ದರೆ ಸಮಾಜಕ್ಕೆ ಸರ್ವನಾಶವೇ ಆಗುತ್ತಿದ್ದಿತೆಂದು ಹೇಳಬಹುದಾದ ಒಂದು ಪ್ರಸಂಗವಿದ್ದರೆ ಅದು ವಚನಸಾಹಿತ್ಯದ ಉದ್ಧಾರ. ಫ. ಗು. ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಕಾಯಿದೆಯನ್ನು ಓದಿ, ವಿಜಾಪುರದಲ್ಲಿ ವಕೀಲಿಯನ್ನು ನಡೆಸಿದರು. ವಚನಗಳ ಓಲೆಗರಿಯ ಪ್ರತಿಗಳು ಕಣ್ಣಿಗೆ ಬಿದ್ದಾಗ ಅವರಿನ್ನೂ ಇಪ್ಪತ್ತರ ಹರೆಯದ ತರುಣರು. ಆ ಕಾಲದಲ್ಲಿ ಓಲೆಯ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಆದರೆ ಅವುಗಳನ್ನು ಬಿಚ್ಚಿ ಓದುವವರು ವಿರಳವಾಗಿದ್ದರು. ವಿಭೂತಿಯನ್ನು ನಾವು ಮೇಲೆ ಧರಿಸಿದೆವು, ಒಳಗೆ ಗೆದ್ದಲು ತಿಂದಿತು. ಗೆದ್ದಲು ಯುಗಾದಿಯನ್ನು ಕಾಯದು. ಅದಕ್ಕೆ ಆಷಾಢವೂ ಒಂದೇ, ಶ್ರಾವಣವೂ ಒಂದೇ.

ವಕೀಲಿಯು ನೆಲೆಗೊಂಡು, ಹಣವು ಕೂಡಿ, ಬಿಡುವು ಸಿಕ್ಕ ಮೇಲೆ ಈ ಕಾರ್ಯವನ್ನು ಕೈಗೊಳ್ಳುವೆನೆಂದು ಹಳಕಟ್ಟಿಯವರು ಹೇಳಬಹುದಾಗಿದ್ದಿತು. ಅವರು ಸಂಗ್ರಹವನ್ನು ಆಗಲೇ ಆರಂಭಿಸಿದರು, ಊರೂರು ತಿರುಗಿದರು, ನಕಲು ಮಾಡಿದರು, ಪಾಠಗಳನ್ನು ಹೋಲಿಸಿದರು. ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದದ್ದು ೧೯೨೩ರಲ್ಲಿ. ಪರರ ಮುದ್ರಣಾಲಯಗಳನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಕಂಡು, ತಮ್ಮ ಮನೆಯನ್ನೇ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆಯೂ ಅದರ ಮರುವರ್ಷ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ೧೯೨೬ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೬೪ರಲ್ಲಿ ಲಿಂಗೈಕ್ಯರಾಗುವ ವೇಳೆಗೆ, ಹೆಸರು ಸಹ ಮರೆತುಹೋಗಿದ್ದ ಎಷ್ಟೋ ಶರಣಶರಣೆಯರ ವಾಣಿಯು ಕನ್ನಡಿಗರ ಕೈಸೇರಿದ್ದಿತು. ಇಂದು ನಾವು ಮಗುವಿಗೆ ವಚನವನ್ನು ಕಲಿಸುವಾಗ ಹಿಡಿದುಕೊಳ್ಳುವ ಪುಸ್ತಕದ ಹಿಂದೆ ಆ ಮಾರಿದ ಮನೆಯಿದೆ.

ಸೂಕ್ಷ್ಮವಾಗಿ ನೋಡಬೇಕಾದ ಮಾತೊಂದು ಇಲ್ಲಿದೆ. ಓಲೆಗರಿಯನ್ನು ಕಂಡ ಕಾಲಕ್ಕೂ ಗ್ರಂಥವು ಅಚ್ಚಾದ ಕಾಲಕ್ಕೂ ನಡುವೆ ಸುಮಾರು ೨೦ ವರ್ಷಗಳು ಕಳೆದವು. ಆದುದರಿಂದ ಇಂದೇ ಆರಂಭಿಸುವುದೆಂದರೆ ಇಂದೇ ಮುಗಿಸುವ ಅವಸರವೆಂದು ಯಾರೂ ತಿಳಿಯಬಾರದು. ಕೆಲಸವು ಪಕ್ವವಾಗಲು ಕಾಲ ಬೇಕು. ಆರಂಭಕ್ಕೆ ಮನಸ್ಸು ಸಾಕು. ಇಪ್ಪತ್ತು ವರ್ಷ ದುಡಿದು ಕಾಯುವುದು ಬೇರೆ, ಇಪ್ಪತ್ತು ವರ್ಷ ಸುಮ್ಮನೆ ಕಾಯುವುದು ಬೇರೆ.

ಸಿದ್ಧಗಂಗೆಯ ಕರೆ

ಕೆಲವು ವೇಳೆ ಆರಂಭದ ದಿನವನ್ನು ನಾವು ಆರಿಸಿಕೊಳ್ಳುವುದೂ ಇಲ್ಲ. ಅದು ಬಂದು ಬಾಗಿಲಲ್ಲಿ ನಿಲ್ಲುವುದು. ೧೯೩೦ರ ಜನವರಿಯಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಅವರ ಸ್ನೇಹಿತನೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯೂ ಆಗಿದ್ದ, ವೀರಾಪುರದ ಶಿವಣ್ಣನೆಂಬ ತರುಣನನ್ನು ಶ್ರೀ ಉದ್ದಾನ ಶಿವಯೋಗಿಗಳು ಆ ಸ್ಥಾನಕ್ಕೆ ಆರಿಸಿದರು. ಪದವಿ ಪಡೆದು ಬರುತ್ತೇನೆ, ಮನೆಯವರನ್ನು ಒಪ್ಪಿಸಿ ಬರುತ್ತೇನೆ, ವರ್ಷ ಕಳೆಯಲಿ ಎಂದು ಹೇಳಲು ೨೩ ವರ್ಷದೊಳಗಿನ ತರುಣನಿಗೆ ಕಾರಣಗಳ ಕೊರತೆ ಇರಲಿಲ್ಲ. ಆದರೆ ಅದೇ ವರ್ಷದ ಮಾರ್ಚ್ ೩ರಂದು, ಯುಗಾದಿಗೆ ಇನ್ನೂ ಸುಮಾರು ನಾಲ್ಕು ವಾರಗಳಿರುವಾಗಲೇ, ವಿರಕ್ತಾಶ್ರಮವನ್ನು ಸ್ವೀಕರಿಸಿ ಅವರು ಶ್ರೀ ಶಿವಕುಮಾರ ಸ್ವಾಮಿಗಳಾದರು. ಕಾವಿಯನ್ನು ಧರಿಸಿಯೇ ಕಾಲೇಜಿನ ಪಾಠವನ್ನು ಮುಂದುವರಿಸಿದರು. ೧೯೪೧ರಲ್ಲಿ ಮಠದ ಪೂರ್ಣ ಅಧಿಕಾರ ಅವರಿಗೆ ಬಂದಿತು. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ಅವರಿಂದ ನಡೆಯಿತು. ಸುಮಾರು ೮೯ ವರ್ಷಗಳ ಆ ಸೇವೆಯ ಗುಟ್ಟೇನೆಂದು ವಿಚಾರಿಸಿದರೆ ವಿಸ್ಮಯಕರವಾದುದೇನೂ ಸಿಕ್ಕದು. ಬೆಳಗಿನ ಜಾವಕ್ಕೆ ಏಳುವುದು, ಲಿಂಗಪೂಜೆ, ಮಕ್ಕಳ ಪ್ರಾರ್ಥನೆ, ಅವರ ಊಟ, ಪಾಠ. ಮರುದಿನ ಮತ್ತೆ ಅದೇ. ಒಂದು ದಿನವನ್ನು ಸರಿಯಾಗಿ ನಡೆಸಿದವರಿಗೆ ಶತಮಾನವು ತಾನಾಗಿ ಒದಗಿತು.

ಒಂದು ಆಕ್ಷೇಪ

ಕಾಲವನ್ನು ನೋಡದೆ ಮಾಡಿದ ಕಾರ್ಯವು ಕೆಡುವುದಿಲ್ಲವೇ, ಒಕ್ಕಲಿಗನು ಮಳೆಯನ್ನು ಕಾಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಕಾಯುವನು, ನಿಜ. ರೋಹಿಣಿ ಮೃಗಶಿರೆಗಳ ಮಳೆಯಿಲ್ಲದೆ ಬೀಜವನ್ನು ಮಣ್ಣಿಗೆ ಚೆಲ್ಲಿದವನು ಬೀಜವನ್ನೂ ಕಳೆದುಕೊಳ್ಳುವನು. ಆದರೆ ಆ ಒಕ್ಕಲಿಗನು ಮಳೆ ಬರುವವರೆಗೆ ಕಟ್ಟೆಯ ಮೇಲೆ ಕುಳಿತಿರುವನೇ? ಬೇಸಿಗೆಯ ಬಿಸಿಲಿನಲ್ಲಿಯೇ ಕಸ ಆಯುವನು, ಹೊಲವನ್ನು ಹರಗುವನು, ಗೊಬ್ಬರವನ್ನು ಹೇರುವನು, ಕೂರಿಗೆಯನ್ನು ರಿಪೇರಿ ಮಾಡಿಸಿಡುವನು. ಮಳೆಗೆ ಕಾಯುವುದು ಬಿತ್ತನೆ ಮಾತ್ರ, ಬೇಸಾಯವು ಕಾಯುವುದಿಲ್ಲ. ನಮ್ಮ ಹಳ್ಳಿಗರು ಬೇಸಾಯಕ್ಕೆ "ಆರಂಬ" ಎಂಬ ಹೆಸರನ್ನಿಟ್ಟಿದ್ದಾರೆ. ಬೇಸಾಯಗಾರನು ಎಂದೆಂದೂ ಆರಂಭಿಸುತ್ತಲೇ ಇರುವವನು ಎಂಬ ಅರ್ಥ ಆ ಮಾತಿನಲ್ಲಿ ತಾನಾಗಿ ಹೊಳೆಯುವುದು.

ಹೀಗೆಯೇ, ಪೂಜೆಯನ್ನು ಹಿಡಿಯಬೇಕೆಂದವನು ಪೂರ್ಣ ವಿಧಿಯು ಕಲಿಯುವವರೆಗೆ ನಿಲ್ಲಬೇಕಾಗಿಲ್ಲ. ಈ ಸಂಜೆ ಕೈಕಾಲು ತೊಳೆದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಐದು ನಿಮಿಷ ಕುಳಿತರೆ ಆಯಿತು. ನಾಳೆ ತಪ್ಪಿದರೆ ನಾಡಿದ್ದು ಮತ್ತೆ ಕುಳಿತುಕೊಳ್ಳತಕ್ಕದ್ದು. ವರ್ಷವನ್ನು ನೆಚ್ಚಿದವನ ನೇಮವು ಒಮ್ಮೆ ಮುರಿದರೆ ಮುಂದಿನ ವರ್ಷದವರೆಗೆ ಕೆಟ್ಟುಹೋಗುವುದು. ದಿನವನ್ನು ನೆಚ್ಚಿದವನಿಗೆ ಪ್ರತಿ ಸೂರ್ಯೋದಯವೂ ಹೊಸ ವರ್ಷ. ಬಿದ್ದವನನ್ನು ಬೇಗನೆ ಎಬ್ಬಿಸುವ ಎಣಿಕೆಯೇ ಒಳ್ಳೆಯ ಎಣಿಕೆ.

ಉಪಸಂಹಾರ

ಮಹೋತ್ಸವಗಳು ಬೇಡವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಯುಗಾದಿಯ ಬೇವುಬೆಲ್ಲವೂ ಇರಲಿ, ಶ್ರೀಮಠದ ತೇರೂ ಎಳೆಯಲ್ಪಡಲಿ. ಹಬ್ಬವು ನಡೆದು ಬಂದ ದಾರಿಯನ್ನು ತಿರುಗಿ ನೋಡುವುದಕ್ಕೆ ಒಳ್ಳೆಯ ತಾಣ. ಆದರೆ ಶ್ರೀಮಠಕ್ಕೆ ಈ ಮಹೋತ್ಸವವು ಬಂದದ್ದು ಹೇಗೆ? ಹಿಂದಿನ ಪೂಜ್ಯರು ಮಹೋತ್ಸವವನ್ನು ಕಾಯುತ್ತ ಕುಳಿತುದರಿಂದಲ್ಲ. ಯಾರ ನೆನಪಿನಲ್ಲಿಯೂ ಉಳಿಯದ, ಹೆಸರಿಲ್ಲದ ಸಾವಿರಾರು ಸಾಮಾನ್ಯ ದಿನಗಳಲ್ಲಿ ಅವರು ಎದ್ದು, ಪೂಜಿಸಿ, ಬಂದವರಿಗೆ ಅನ್ನವಿಕ್ಕಿ, ಮಕ್ಕಳಿಗೆ ಅಕ್ಷರ ಕಲಿಸಿದುದರಿಂದ ಈ ಒಂದು ದಿನವು ಹಬ್ಬವಾಯಿತು.

ಸದ್ಭಕ್ತರು ಈ ಸ್ಮಾರಕ ಗ್ರಂಥವನ್ನು ಮನೆಗೆ ಕೊಂಡೊಯ್ದು ಜಗುಲಿಯ ಮೇಲಿಟ್ಟು ನಮಸ್ಕರಿಸುವರೆಂಬುದನ್ನು ಬಲ್ಲೆವು. ಓಲೆಗರಿಗಳಿಗೆ ಹಿಂದೆ ಆದ ಗತಿಯನ್ನು ನೆನೆದು ಒಂದು ಬಿನ್ನಹ. ಇದನ್ನು ಜಗುಲಿಗೆ ಏರಿಸುವ ಮೊದಲು, ಮನಸ್ಸಿನಲ್ಲಿ ಮಾಡಿಕೊಂಡ ಸಂಕಲ್ಪ ಯಾವುದಿದೆಯೋ ಅದರ ಮೊದಲನೆಯ ಹೆಜ್ಜೆಯನ್ನು ಈ ಹೊತ್ತೇ ಇಟ್ಟುಬಿಡಿರಿ. ಹೆಜ್ಜೆ ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ. ಶರಣರ ಪಂಚಾಂಗದಲ್ಲಿ ಈ ಹೊತ್ತಿಗೆ ಯಾವ ದೋಷವೂ ಇಲ್ಲ.